ಗಂಗಾನಗರದ ಕಥೆ ನೀರು ಬಂದಲ್ಲಿಗೆ ಮುಗಿಯುವುದಿಲ್ಲ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ರಾಜಸ್ಥಾನದ ಶ್ರೀಗಂಗಾನಗರದ ಬಗ್ಗೆ ಪ್ರಕಟವಾದ ಲೇಖನವನ್ನು ಎರಡು ಸಲ ಓದಿದೆ. ಮಹಾರಾಜರೊಬ್ಬರು ಕಾಲುವೆ ತಂದರು, ಮರಳುಗಾಡು ಹಸಿರಾಯಿತು, ಬರದಲ್ಲಿ ಬೆಂದ ನಾಡು ಗೋಧಿಯ ಕಣಜವಾಯಿತು ಎಂಬುದು ಲೇಖನದ ಸಾರ. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಮೂವತ್ತು ವರ್ಷಗಳಿಂದ ಒಕ್ಕಲುತನ ಮಾಡುತ್ತಿರುವ ನನಗೆ ಆ ಕಥೆಯ ಅರ್ಧ ಭಾಗವನ್ನಷ್ಟೇ ಓದಿದಂತಾಯಿತು. ಕೆಲವು ವರ್ಷಗಳ ಹಿಂದೆ ರೈತರ ತಂಡವೊಂದರ ಜೊತೆಗೆ ಗಂಗಾನಗರ ಮತ್ತು ಹನುಮಾನಗಢ ಜಿಲ್ಲೆಗಳಲ್ಲಿ ಎಂಟು ದಿನ ಓಡಾಡಿ, ಅಲ್ಲಿನ ಹೊಲದ ಬದುಗಳ ಮೇಲೆ ಕುಳಿತು ಹಿರಿಯರ ಮಾತು ಕೇಳಿಬಂದವನು ನಾನು. ಅಂದಿನಿಂದ ಆ ಸೀಮೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಲೇಖನದಲ್ಲಿ ಬಿಟ್ಟುಹೋದ ಉಳಿದರ್ಧವನ್ನು ತಮ್ಮ ಓದುಗರ ಮುಂದಿಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಉದ್ದವಾದರೆ ಮನ್ನಿಸಬೇಕು.

ಮೊದಲು ಕಾಲುವೆ ಹುಟ್ಟಿದ ಬಗೆ. 1899ರಲ್ಲಿ ಮಳೆ ಪೂರ್ತಿ ಕೈಕೊಟ್ಟಾಗ ಬಿಕಾನೇರ್ ಸಂಸ್ಥಾನದ ಮಹಾರಾಜ ಗಂಗಾಸಿಂಗ್ ಅವರಿಗೆ ಹತ್ತೊಂಬತ್ತರ ಆಸುಪಾಸಿನ ವಯಸ್ಸು. ಆಡಳಿತದ ಪೂರ್ಣ ಅಧಿಕಾರ ಅವರ ಕೈಗೆ ಬಂದು ಆಗ ಒಂದು ವರ್ಷವೂ ತುಂಬಿರಲಿಲ್ಲ. ವಿಕ್ರಮ ಸಂವತ್ 1956ರಲ್ಲಿ ಬಿದ್ದ ಕಾರಣ ಮಾರವಾಡದ ಜನ ಇಂದಿಗೂ ಆ ಬರವನ್ನು ‘ಛಪ್ಪನಿಯಾ ಅಕಾಲ್’, ಅಂದರೆ ಐವತ್ತಾರರ ಬರ ಎಂದೇ ಕರೆಯುತ್ತಾರೆ. ನಮ್ಮ ಕಡೆಯ ಹಿರಿಯರು ಡೋಗಿ ಬರದ ಹೆಸರೆತ್ತಿದರೆ ಹೇಗೆ ಮಾತು ನಿಲ್ಲಿಸಿ ಸುಮ್ಮನಾಗುತ್ತಿದ್ದರೋ ಅಲ್ಲಿನ ಮುದುಕರೂ ಹಾಗೆಯೇ ಸುಮ್ಮನಾಗುವುದನ್ನು ಕಂಡೆ. ಮಳೆಯನ್ನು ನೆಚ್ಚಿ ಈ ನಾಡು ಬದುಕಲಾರದು, ಹಿಮಾಲಯದ ಹಿಮ ಕರಗಿ ಹರಿಯುವ ಸತಲಜ್ ನದಿಯ ನೀರನ್ನೇ ತರಬೇಕು ಎಂಬ ಹಟ ಆ ಬರದ ನಂತರದ್ದು.

ಆದರೆ ಬಿಕಾನೇರ್ ಸತಲಜ್ ನದಿಯ ದಂಡೆಯ ಮೇಲಿರಲಿಲ್ಲ. ನದಿ ಹರಿಯುತ್ತಿದ್ದುದು ಪಂಜಾಬಿನಲ್ಲಿ ಮತ್ತು ಬಹಾವಲಪುರ ಸಂಸ್ಥಾನದ ಅಂಚಿನಲ್ಲಿ. ದಂಡೆಯ ಮೇಲಿಲ್ಲದವರಿಗೆ ನದಿಯ ಮೇಲೆ ಹಕ್ಕೆಲ್ಲಿಯದು ಎಂಬುದು ಬಹಾವಲಪುರದ ತಕರಾರು. ಈ ವಾದವನ್ನು ಕಾವೇರಿ, ಕೃಷ್ಣಾ, ಮಹದಾಯಿಗಳ ಮಾತು ಕೇಳಿ ಬೆಳೆದ ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವರ್ಷಾನುಗಟ್ಟಲೆ ಮಾತುಕತೆ ನಡೆದು, 1920ರ ಸೆಪ್ಟೆಂಬರಿನಲ್ಲಿ ಪಂಜಾಬ್, ಬಹಾವಲಪುರ, ಬಿಕಾನೇರ್ ಈ ಮೂವರ ನಡುವೆ ಒಪ್ಪಂದವಾಯಿತು. 1925ರ ಡಿಸೆಂಬರಿನಲ್ಲಿ ಫಿರೋಜಪುರದ ಹತ್ತಿರ ಅಡಿಗಲ್ಲು ಬಿತ್ತು. 1927ರ ಅಕ್ಟೋಬರ್ 26ರಂದು ಆಗಿನ ವೈಸ್‌ರಾಯ್ ಇರ್ವಿನ್ ಕಾಲುವೆಯನ್ನು ತೆರೆದರು, ಮಹಾರಾಜರ ಹೆಸರಿನಿಂದ ಅದು ಗಂಗಾ ಕಾಲುವೆಯಾಯಿತು. ಅಗೆಯುವ ಕೆಲಸಕ್ಕೆ ಎರಡು ವರ್ಷ ಸಾಕಾಯಿತು. ಒಪ್ಪಂದಕ್ಕೆ ಅದರ ಹಲವು ಪಟ್ಟು ಕಾಲ ಹಿಡಿಯಿತು. ಲೇಖನದಲ್ಲಿ ಅಗೆದ ಕೆಲಸದ ವರ್ಣನೆ ಒಂದು ಕಾಲಂ ತುಂಬ ಇದೆ, ಒಪ್ಪಂದಕ್ಕೆ ಒಂದು ಸಾಲೂ ಇಲ್ಲ.

ಆ ಕಾಲುವೆಯ ಕಟ್ಟಡದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಪಂಜಾಬಿನ ಮರಳು ನೆಲದಲ್ಲಿ ನೂರು ಕಿಲೋಮೀಟರಿಗೂ ಹೆಚ್ಚು ದೂರ ಹರಿದು ಬರುವಷ್ಟರಲ್ಲಿ ನೀರು ಇಂಗಿಹೋಗಬಾರದೆಂದು ಅದರ ತಳಕ್ಕೂ ಅಂಚಿಗೂ ಸುಣ್ಣದ ಕಾಂಕ್ರೀಟಿನ ಹೊದಿಕೆ ಹಾಕಿದ್ದರು. ಅಷ್ಟು ಉದ್ದದ ಹೊದಿಕೆಯ ಕಾಲುವೆ ಆ ಕಾಲಕ್ಕೆ ಅಪರೂಪ. ಬೇರೆಯವರ ಸೀಮೆಯಲ್ಲಿ ಸೋರಿದ ನೀರಿನ ಲೆಕ್ಕ ತಮ್ಮ ಪಾಲಿನ ಖಾತೆಗೇ ಬೀಳುತ್ತದೆಂಬ ಎಚ್ಚರ ಅದನ್ನು ಕಟ್ಟಿದವರಿಗಿತ್ತು. ಆ ಎಚ್ಚರವೇ ಮುಂದೆ ಹೊಲದ ಮಟ್ಟದಲ್ಲೂ ಕಾಣಿಸಿಕೊಂಡಿತು ಎಂಬುದು ನನ್ನ ತಿಳಿವಳಿಕೆ.

ನೀರು ಬಂದ ಮೇಲೆ ಜನ ಬರಬೇಕಿತ್ತು. ದನ, ಕುರಿ, ಒಂಟೆ ಸಾಕಿಕೊಂಡು, ಮಳೆ ಬಿದ್ದ ವರ್ಷ ಸಜ್ಜೆಯನ್ನೋ ಗೋರಿಕಾಯಿಯ ಜಾತಿಯ ಗ್ವಾರನ್ನೋ ಬಿತ್ತಿ ಬದುಕುತ್ತಿದ್ದ ಅಲ್ಪ ಸಂಖ್ಯೆಯ ಸ್ಥಳೀಯರಿಂದ ಸುಮಾರು 3 ಲಕ್ಷ ಹೆಕ್ಟೇರಿನ ಅಚ್ಚುಕಟ್ಟು ತುಂಬುವಂತಿರಲಿಲ್ಲ. ಆದ್ದರಿಂದ ಕಾಲುವೆ ಬೇಸಾಯದಲ್ಲಿ ಪಳಗಿದ್ದ ಪಂಜಾಬಿನ ಸಿಖ್ ಮತ್ತು ಜಾಟ್ ರೈತರನ್ನು ಸಂಸ್ಥಾನ ಕರೆದು ಜಮೀನು ಮಾರಿತು. ರಾಮನಗರವೆಂಬ ಸಣ್ಣ ಹಳ್ಳಿಯಿದ್ದ ಕಡೆ ಚೌಕಾಕಾರದ ಬ್ಲಾಕುಗಳ ಊರೊಂದು ಎದ್ದು ಅದಕ್ಕೆ ಮಹಾರಾಜರ ಹೆಸರು ಬಂತು. ರೈಲು ಹಳಿಯ ಪಕ್ಕದಲ್ಲಿ ಶ್ರೀಕರಣಪುರ, ರಾಯಸಿಂಗನಗರ, ಗಜಸಿಂಗಪುರ ಎಂಬ ರಾಜವಂಶದ ಹೆಸರುಗಳನ್ನೇ ಹೊತ್ತ ಮಂಡಿ ಊರುಗಳು ಒಂದೊಂದಾಗಿ ತಲೆಯೆತ್ತಿದವು. 1947ರ ದೇಶವಿಭಜನೆಯ ನಂತರ ಗಡಿಯಾಚೆಯಿಂದ ಎಲ್ಲ ಕಳೆದುಕೊಂಡು ಬಂದವರ ಇನ್ನೊಂದು ಅಲೆ ಇಲ್ಲಿಗೆ ಬಂದು ನೆಲೆ ನಿಂತಿತು. ಇಂದು ಆ ಜಿಲ್ಲೆಯಲ್ಲಿ ಕಿವಿಗೆ ಬೀಳುವುದು ಪಂಜಾಬಿ ಮತ್ತು ಬಾಗಡಿ ಎರಡೂ ಬೆರೆತ ಮಾತು. ಚಹಾದಂಗಡಿಯಲ್ಲಿ ಕುಳಿತಿದ್ದಾಗ ನನಗೆ ಸಿಂಧನೂರು, ಗಂಗಾವತಿ ಕಡೆಯ ಕ್ಯಾಂಪುಗಳು ನೆನಪಾದವು. ತುಂಗಭದ್ರೆಯ ನೀರು ಬಂದಾಗ ಕರಾವಳಿ ಆಂಧ್ರದಿಂದ ಬಂದು, ಕಪ್ಪು ಹೊಲವನ್ನು ಮಟ್ಟ ಮಾಡಿ, ಭತ್ತ ನೆಟ್ಟು, ಕ್ಯಾಂಪುಗಳಲ್ಲಿ ನೆಲೆನಿಂತವರ ಮೊಮ್ಮಕ್ಕಳು ಇಂದು ನಮ್ಮೊಂದಿಗೆ ಕನ್ನಡ ಶಾಲೆಯಲ್ಲಿ ಓದಿದವರೇ ಆಗಿದ್ದಾರೆ.

ಸಂಪಾದಕರೇ, ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಗಂಗಾನಗರದ ಸೀಮೆಯಲ್ಲಿ ಅನೇಕ ಹಳ್ಳಿಗಳಿಗೆ ನಮ್ಮಲ್ಲಿರುವಂತೆ ದೇವರ ಹೆಸರೋ ಮರದ ಹೆಸರೋ ಇಲ್ಲ. ‘3 ಇ ಛೋಟಿ’ ಎಂಬಂಥ ಅಂಕಿ ಮತ್ತು ಅಕ್ಷರಗಳೇ ಅವುಗಳ ಹೆಸರು. ಅಕ್ಷರ ವಿತರಣಾ ಕಾಲುವೆಯನ್ನು ಸೂಚಿಸಿದರೆ, ಅಂಕಿ ಅದರ ಮೇಲಿನ ಚಕ್ ಎಷ್ಟನೆಯದೆಂದು ಹೇಳುತ್ತದೆ. ಚಕ್ ಎಂದರೆ ಒಂದು ತೂಬಿನ ನೀರಿಗೆ ಒಳಪಟ್ಟ ಅಷ್ಟೂ ಜಮೀನು. ತೂಬಿಗೆ ಅವರು ‘ಮೋಘಾ’ ಎನ್ನುತ್ತಾರೆ. ಜಮೀನನ್ನು 25 ಬೀಘಾದ ಚೌಕಗಳಾಗಿ ಗೆರೆ ಎಳೆದು ಹಂಚಿದ್ದಾರೆ. ಅಂಥ ಒಂದು ಚೌಕಕ್ಕೆ ‘ಮುರಬ್ಬಾ’ ಎಂದು ಹೆಸರು, ನಮ್ಮ ಲೆಕ್ಕದಲ್ಲಿ ಹದಿನೈದೂವರೆ ಎಕರೆಗಿಂತ ತುಸು ಹೆಚ್ಚು. ಊರಿನ ಹೆಸರೇ ನೀರಿನ ವಿಳಾಸವಾಗಿರುವ ಜಾಗವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಚಕ್‌ನೊಳಗೆ ನೀರು ಹಂಚುವ ಪದ್ಧತಿಗೆ ವಾರಬಂದಿ ಎನ್ನುತ್ತಾರೆ. ನಮ್ಮ ನೀರಾವರಿ ಇಲಾಖೆಯ ಕಾಗದಗಳಲ್ಲಿಯೂ ಈ ಪದ ಬಹಳ ವರ್ಷಗಳಿಂದ ಇದೆ, ಆದರೆ ಅದನ್ನು ನಾನು ಕಣ್ಣಾರೆ ನೋಡಿದ್ದು ಅಲ್ಲಿಯೇ. ವಾರಕ್ಕೆ ಏಳು ದಿನ, ಅಂದರೆ 168 ಗಂಟೆ. ಆ 168 ಗಂಟೆಯನ್ನು ಚಕ್‌ನಲ್ಲಿರುವ ಒಟ್ಟು ಬೀಘಾಗಳಿಗೆ ಭಾಗಿಸುತ್ತಾರೆ. ಉದಾಹರಣೆಗೆ 400 ಬೀಘಾದ ಚಕ್ ಆದರೆ ಒಂದು ಬೀಘಾಕ್ಕೆ ಇಪ್ಪತ್ತೈದು ನಿಮಿಷ, ಒಂದು ಮುರಬ್ಬಾಕ್ಕೆ ಹತ್ತೂವರೆ ಗಂಟೆ. ಯಾರ ಸರದಿ ವಾರದ ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಆರಂಭವಾಗಿ ಎಷ್ಟಕ್ಕೆ ಮುಗಿಯುತ್ತದೆ ಎಂಬುದು ಪಟ್ಟಿಯಲ್ಲಿ ಬರೆದಿರುತ್ತದೆ. ಹೊಲಗಾಲುವೆ ಖಾಲಿಯಿದ್ದಾಗ ಸರದಿ ಆರಂಭವಾದವನ ಪಾಲಿನ ಮೊದಲ ನೀರು ಕಾಲುವೆ ತುಂಬುವುದಕ್ಕೇ ಹೋಗುತ್ತದಲ್ಲ, ಅದಕ್ಕೆ ಅವನಿಗೆ ಕೆಲವು ನಿಮಿಷ ಹೆಚ್ಚು ಕೊಡುತ್ತಾರೆ, ಅದು ‘ಭರಾಯಿ’. ಕೊನೆಯವನ ಸರದಿ ಮುಗಿದು ಮೇಲೆ ನಾಕಾ, ಅಂದರೆ ಹೊಲಕ್ಕೆ ನೀರು ತಿರುಗಿಸುವ ಬಾಯಿ, ಕಟ್ಟಿದ ಮೇಲೂ ಕಾಲುವೆಯಲ್ಲಿ ನಿಂತ ನೀರು ಅವನ ಹೊಲಕ್ಕೇ ಇಳಿಯುತ್ತದೆ, ಆದ್ದರಿಂದ ಅವನ ಲೆಕ್ಕದಿಂದ ಅಷ್ಟು ನಿಮಿಷ ಕಳೆಯುತ್ತಾರೆ. ರಾತ್ರಿಯ ಸರದಿ ಒಬ್ಬನ ಪಾಲಿಗೇ ಕಾಯಂ ಆಗಬಾರದೆಂದು ವರ್ಷಕ್ಕೊಮ್ಮೆ ಇಡೀ ಪಟ್ಟಿಯನ್ನು ಹನ್ನೆರಡು ಗಂಟೆ ಸರಿಸುತ್ತಾರೆ. ಈ ವರ್ಷ ನಡುರಾತ್ರಿ ಗುದ್ದಲಿ ಹಿಡಿದು ಎದ್ದವನು ಬರುವ ವರ್ಷ ನಡುಹಗಲಿನಲ್ಲಿ ನೀರು ಕಟ್ಟುತ್ತಾನೆ. ತೂಬಿನಿಂದ ದೂರ ಇರುವವನಿಗೂ ಹತ್ತಿರ ಇರುವವನಿಗೂ ಬೀಘಾಕ್ಕೆ ಸಿಗುವ ನಿಮಿಷ ಒಂದೇ.

ನಾವು ಉಳಿದುಕೊಂಡಿದ್ದ ಮನೆಯ ಯಜಮಾನರ ಸರದಿ ಆ ವಾರ ಗುರುವಾರ ಬೆಳಗಿನ ಜಾವ 2 ಗಂಟೆ 40 ನಿಮಿಷಕ್ಕಿತ್ತು. ಡಿಸೆಂಬರಿನ ಚಳಿ, ಮಂಜು ಕವಿದು ಹತ್ತು ಹೆಜ್ಜೆ ಆಚೆಗಿನದು ಕಾಣುತ್ತಿರಲಿಲ್ಲ. ಎಪ್ಪತ್ತು ದಾಟಿದ ಅವರು ಕಂಬಳಿ ಹೊದ್ದು, ಕೈಯಲ್ಲಿ ಟಾರ್ಚು ಮತ್ತು ಗುದ್ದಲಿ ಹಿಡಿದು ಹೊರಟಾಗ ನಾನೂ ಜೊತೆಗೆ ಹೋದೆ. ಬದುವಿನ ಮೇಲೆ ಪಕ್ಕದ ಹೊಲದವರು ಆಗಲೇ ನಿಂತಿದ್ದರು. ಇಬ್ಬರೂ ಗಡಿಯಾರ ನೋಡಿಕೊಂಡರು, ಒಬ್ಬರು ನಾಕಾ ಕಟ್ಟಿದರು, ಇನ್ನೊಬ್ಬರು ಒಡೆದರು. ಜಗಳವಿರಲಿ, ಏರು ದನಿಯ ಮಾತೂ ಇರಲಿಲ್ಲ. ನನಗೆ ಅಲ್ಲಿ ನಿಂತಾಗ ಕಣ್ಣು ತುಂಬಿ ಬಂತೆಂದು ಬರೆಯಲು ಸಂಕೋಚವಿಲ್ಲ, ಏಕೆಂದರೆ ನಮ್ಮ ಉಪಕಾಲುವೆಯ ತೂಬಿನ ಮೇಲೆ ರಾತ್ರಿ ಕಾವಲು ಕೂತು, ಮೇಲಿನವರೊಂದಿಗೆ ಕೈಕೈ ಮಿಲಾಯಿಸಿ, ಕೊನೆಗೆ ನೀರಿಲ್ಲದೆ ಒಣಗಿದ ಜೋಳವನ್ನು ದನಕ್ಕೆ ಹಾಕಿದ ವರ್ಷಗಳು ನನ್ನ ಬೆನ್ನ ಹಿಂದೆ ಇವೆ. ಅಲ್ಲಿ ನೀರಿನ ಕಳ್ಳತನವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಇದೆ, ಅದರ ದೂರುಗಳೂ ಇವೆ, ಪ್ರಭಾವಿಗಳು ತೂಬಿನ ಗಾತ್ರವನ್ನೇ ಹಿಗ್ಗಿಸಿಕೊಂಡ ಕಥೆಗಳನ್ನೂ ಕೇಳಿದೆ. ಆದರೆ ಕಳ್ಳತನವನ್ನು ಕಳ್ಳತನವೆಂದು ಕರೆಯುವುದಕ್ಕೆ ಬೇಕಾದ ಪಟ್ಟಿ ಅವರ ಕೈಯಲ್ಲಿದೆ. ನಮ್ಮಲ್ಲಿ ಎಷ್ಟೋ ಕಡೆ ಅಂಥ ಪಟ್ಟಿಯೇ ಇಲ್ಲದಿರುವಾಗ ಯಾರ ನೀರನ್ನು ಯಾರು ಕದ್ದರೆಂದು ಹೇಳುವುದು?

ಲೇಖನದಲ್ಲಿ ‘ಏನೂ ಬೆಳೆಯದ ಬರಡು’ ಎಂಬ ಮಾತು ಮೂರು ಕಡೆ ಬಂದಿದೆ. ಇದನ್ನು ನಾನು ಒಪ್ಪಲಾರೆ. ಹನುಮಾನಗಢ ಜಿಲ್ಲೆಯಲ್ಲಿ, ಈಗ ಮಳೆಗಾಲದಲ್ಲಷ್ಟೇ ಹರಿಯುವ ಘಗ್ಗರ್ ನದಿಯ ದಂಡೆಯ ಮೇಲೆ ಕಾಲಿಬಂಗಾ ಎಂಬ ಹಳ್ಳಿಯಿದೆ. 1960ರ ದಶಕದಲ್ಲಿ ಬಿ.ಬಿ. ಲಾಲ್ ಮತ್ತು ಬಿ.ಕೆ. ಥಾಪರ್ ಅವರ ನೇತೃತ್ವದಲ್ಲಿ ನಡೆದ ಉತ್ಖನನದಲ್ಲಿ ಅಲ್ಲಿ ಹರಪ್ಪ ನಾಗರಿಕತೆಯ ಆರಂಭದ ಹಂತಕ್ಕೆ ಸೇರಿದ ಉತ್ತ ಹೊಲವೊಂದು ಸಿಕ್ಕಿತು. ಸುಮಾರು ನಾಲ್ಕೂಮುಕ್ಕಾಲು ಸಾವಿರ ವರ್ಷಗಳ ಹಿಂದಿನ ಆ ಹೊಲದಲ್ಲಿ ಒಂದು ದಿಕ್ಕಿಗೆ ಸುಮಾರು 30 ಸೆಂಟಿಮೀಟರ್ ಅಂತರದ ಸಾಲುಗಳು, ಅದಕ್ಕೆ ಅಡ್ಡಲಾಗಿ ಸುಮಾರು 1.9 ಮೀಟರ್ ಅಂತರದ ಸಾಲುಗಳು. ಅದೇ ರೀತಿಯಲ್ಲಿ ಉತ್ತು ಎರಡು ಬೆಳೆಯನ್ನು ಒಂದೇ ಹೊಲದಲ್ಲಿ ತೆಗೆಯುವ ಪದ್ಧತಿ ಉತ್ಖನನದ ಕಾಲಕ್ಕೂ ಆ ಸೀಮೆಯಲ್ಲಿ ಉಳಿದಿತ್ತು. ನಮ್ಮಲ್ಲಿ ಜೋಳದ ನಡುವೆ ತೊಗರಿಯ ಅಕ್ಕಡಿ ಸಾಲು ಬಿಡುವ ರೈತನಿಗೆ ಆ ಹೊಲದ ಚಿತ್ರ ತೋರಿಸಿದರೆ ವಿವರಣೆಯೇ ಬೇಡ. ಹೀಗಿರುವಾಗ ಅದನ್ನು ಬರಡು ಎನ್ನುವುದಕ್ಕಿಂತ, ನದಿಯನ್ನು ಕಳೆದುಕೊಂಡು ಮತ್ತೆ ನೀರು ಕಂಡ ನೆಲ ಎನ್ನುವುದೇ ಸರಿ.

ಗಂಗಾ ಕಾಲುವೆಯ ಯಶಸ್ಸು ಇನ್ನೊಂದು ದೊಡ್ಡ ಸಾಹಸಕ್ಕೆ ದಾರಿಯಾಯಿತು. ಬಿಕಾನೇರ್ ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಕಂವರ್ ಸೇನ್ 1948ರಲ್ಲಿ ಸಿದ್ಧಪಡಿಸಿದ ವರದಿಯ ಬೆನ್ನು ಹಿಡಿದು ರಾಜಸ್ಥಾನ ಕಾಲುವೆ ಯೋಜನೆ ರೂಪುಗೊಂಡಿತು. 1958ರ ಮಾರ್ಚ್ 31ರಂದು ಆಗಿನ ಕೇಂದ್ರ ಗೃಹ ಸಚಿವ ಗೋವಿಂದ ವಲ್ಲಭ ಪಂತ್ ಅಡಿಗಲ್ಲು ಹಾಕಿದರು. 1960ರ ಸಿಂಧೂ ಜಲ ಒಪ್ಪಂದದಲ್ಲಿ ಪೂರ್ವದ ಮೂರು ನದಿಗಳಾದ ಸತಲಜ್, ಬಿಯಾಸ್, ರಾವಿಗಳ ನೀರು ಭಾರತಕ್ಕೆ ಬಂದಿತು. 1961ರ ಅಕ್ಟೋಬರಿನಲ್ಲಿ ಆಗಿನ ಉಪರಾಷ್ಟ್ರಪತಿ ರಾಧಾಕೃಷ್ಣನ್ ಮೊದಲ ನೀರು ಬಿಟ್ಟರು. ಸತಲಜ್ ಮತ್ತು ಬಿಯಾಸ್ ಕೂಡುವ ಹರಿಕೆಯಿಂದ ಹೊರಡುವ ಅದಕ್ಕೆ ನೀರು ತರುವ ಫೀಡರ್ ಕಾಲುವೆ 204 ಕಿಲೋಮೀಟರ್, ಅಲ್ಲಿಂದ ಮುಂದೆ ಜೈಸಲ್ಮೇರ್ ಜಿಲ್ಲೆಯ ಮೋಹನಗಢದವರೆಗೆ ಮುಖ್ಯ ಕಾಲುವೆ 445 ಕಿಲೋಮೀಟರ್. 1984ರಲ್ಲಿ ಅದಕ್ಕೆ ಇಂದಿರಾ ಗಾಂಧಿಯವರ ಹೆಸರಿಟ್ಟರು, 1987ರ ಹೊಸ ವರ್ಷದ ದಿನ ನೀರು ಮೋಹನಗಢ ಮುಟ್ಟಿತು. ಅಡಿಗಲ್ಲಿನಿಂದ ಕೊನೆ ಮುಟ್ಟುವವರೆಗೆ ಇಪ್ಪತ್ತೆಂಟು ವರ್ಷ. ಇಷ್ಟರಲ್ಲಿ ಸೂರತ್‌ಗಢದಲ್ಲಿ 1956ರಲ್ಲಿಯೇ ಸೋವಿಯತ್ ಒಕ್ಕೂಟ ಕೊಟ್ಟ ಯಂತ್ರಗಳೊಂದಿಗೆ ಕೇಂದ್ರ ಸರ್ಕಾರದ ದೊಡ್ಡ ಬೀಜೋತ್ಪಾದನಾ ಫಾರ್ಮ್ ತಲೆಯೆತ್ತಿತ್ತು. ಜೋಧಪುರದ ಶುಷ್ಕ ವಲಯ ಸಂಶೋಧನಾ ಸಂಸ್ಥೆ ಮರಳುದಿಬ್ಬಗಳು ಕಾಲುವೆಗೆ ಬಂದು ಬೀಳದಂತೆ ತಡೆಯುವ ಗಿಡಮರಗಳ ಅಭ್ಯಾಸ ನಡೆಸಿತ್ತು. ಕಾಲುವೆಯ ಇಕ್ಕೆಲಗಳಲ್ಲಿ ಬೀಟೆಯ ಬಳಗದ ಶೀಶಮ್, ನೀಲಗಿರಿ, ಜಾಲಿಗಳ ಪಟ್ಟೆ ಬೆಳೆಸದಿದ್ದರೆ ಆಂಧಿ ಎಂಬ ಮರಳ ಬಿರುಗಾಳಿ ಎದ್ದ ಒಂದೊಂದು ಬೇಸಿಗೆಯೂ ಕಾಲುವೆಯನ್ನು ಹೂತುಹಾಕುತ್ತಿತ್ತು. ಇವೆಲ್ಲವೂ ಮೆಚ್ಚತಕ್ಕ ಕೆಲಸಗಳೇ. ಬಿಕಾನೇರ್, ಜೋಧಪುರ ನಗರಗಳ ಜನ ಇಂದು ಆ ಕಾಲುವೆಯ ನೀರನ್ನೇ ಕುಡಿಯುತ್ತಿದ್ದಾರೆ ಎಂಬುದನ್ನು ಮರೆಯುವಂತಿಲ್ಲ.

ಆದರೆ ಮೊದಲ ಕಾಲುವೆಯಲ್ಲಿದ್ದ ಎಚ್ಚರ ಎರಡನೆಯದರಲ್ಲಿ ಎಲ್ಲ ಕಡೆ ಉಳಿಯಲಿಲ್ಲ. ತಮ್ಮ ಲೇಖಕರು ಈ ಭಾಗಕ್ಕೆ ಕೈ ಹಾಕಿಯೇ ಇಲ್ಲ, ನನಗೆ ಬೇಸರವಾದದ್ದು ಇಲ್ಲಿ. ಮೇಲ್ಭಾಗದಲ್ಲಿ ಮೊದಲು ನೀರು ಕಂಡವರು, ಕೆಳಗಿನ ಕಾಲುವೆ ಇನ್ನೂ ಅಗೆಯುತ್ತಿದ್ದ ವರ್ಷಗಳಲ್ಲಿ, ಬೇಕಾದ್ದಕ್ಕಿಂತ ಹೆಚ್ಚು ನೀರು ಹರಿಸಿದರು. ಆ ಸೀಮೆಯ ಅನೇಕ ಕಡೆ ಮರಳಿನ ಕೆಳಗೆ ಜಿಪ್ಸಮ್ ಮತ್ತು ಗಟ್ಟಿ ಜೇಡಿಯ ಪದರವಿದೆ. ನೀರು ಅದನ್ನು ದಾಟಿ ಇಳಿಯುವುದಿಲ್ಲ. ತಟ್ಟೆಯಲ್ಲಿ ನಿಂತಂತೆ ನಿಂತ ನೀರು ವರ್ಷ ವರ್ಷ ಮೇಲೇರಿ ಬೇರಿಗೆ ತಾಗಿ, ಉಪ್ಪನ್ನು ಮೇಲಕ್ಕೆ ತಂದಿತು. ಇದಕ್ಕೆ ಅವರು ‘ಸೇಮ್’ ಎನ್ನುತ್ತಾರೆ, ನಾವು ಜವಳು ಎನ್ನುತ್ತೇವೆ. ಅದರ ಜೊತೆಗೆ ಘಗ್ಗರ್ ನದಿಯ ನೆರೆನೀರನ್ನು 1960ರ ದಶಕದಲ್ಲಿ ಸೂರತ್‌ಗಢದ ಸುತ್ತಲಿನ ಮರಳುದಿಬ್ಬಗಳ ನಡುವಿನ ತಗ್ಗುಗಳಿಗೆ ತಿರುಗಿಸಿದ್ದರಿಂದ ಬಡೋಪಲ್ ಸುತ್ತಮುತ್ತ ನೆಲ ಜೌಗಾಯಿತು. ನಾವು ಅಲ್ಲಿಗೆ ಹೋದಾಗ ಅರ್ಧ ಮುಳುಗಿದ ಗೋಡೆಗಳನ್ನೂ, ಬುಡದಲ್ಲಿ ಬಿಳಿ ಉಪ್ಪು ಕಟ್ಟಿ ಒಣಗಿ ನಿಂತ ಮರಗಳನ್ನೂ, ಅವುಗಳ ನಡುವೆ ನೀರಹಕ್ಕಿಗಳನ್ನೂ ಕಂಡೆವು. ಬರದಿಂದ ಓಡಿ ಬಂದವರ ಮಕ್ಕಳು ನೀರು ಹೆಚ್ಚಾಗಿ ಮನೆ ಬಿಡಬೇಕಾಯಿತು.

ನಮ್ಮ ತಂಡದಲ್ಲಿದ್ದ ಗಂಗಾವತಿ ಕಡೆಯ ರೈತರೊಬ್ಬರು ಆ ಬಿಳಿ ನೆಲದ ಒಂದು ಹಿಡಿ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ, ‘ಇದು ನಮ್ಮ ಸವಳೇ’ ಎಂದರು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು-ಜವಳಿಗೆ ತುತ್ತಾದ ಸಾವಿರಾರು ಎಕರೆಗಳ ಬಗ್ಗೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದೆ. ಕಾರಣವೂ ಹೆಚ್ಚು ಕಡಿಮೆ ಒಂದೇ. ಜೋಳ, ಹತ್ತಿ, ಶೇಂಗಾದಂಥ ಅರೆ ಖುಷ್ಕಿ ಬೆಳೆಗೆಂದು ಲೆಕ್ಕ ಹಾಕಿ ಅಗೆದ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ನಿಂತಿತು. ಮೇಲ್ಭಾಗದ ಹೊಲ ಜವಳಾಯಿತು, ಮಾನ್ವಿ, ಸಿರವಾರ, ರಾಯಚೂರು ಕಡೆಯ ಕೊನೆ ಭಾಗದ ಹೊಲ ಒಣಗಿತು. ಒಂದೇ ಕಾಲುವೆಯ ಎರಡು ತುದಿಗಳಲ್ಲಿ ಎರಡು ಬಗೆಯ ಹಾಳು. ಭತ್ತ ಬೆಳೆದವರನ್ನು ನಾನು ದೂರುತ್ತಿಲ್ಲ. ನೀರು ತಾನಾಗಿ ಹೊಲಕ್ಕೆ ಬಂದಾಗ, ಇಷ್ಟೇ ನಿನ್ನದು ಎಂದು ಹೇಳುವ ಪಟ್ಟಿ ಎದುರಿಗಿಲ್ಲದಾಗ, ಯಾವ ರೈತನೂ ಮಾಡುವುದನ್ನೇ ಅವರು ಮಾಡಿದ್ದಾರೆ.

ಹೊಸ ಕಾಲುವೆಯ ಸೀಮೆಯಲ್ಲಿ ಜನ ನೆಲೆ ನಿಂತ ಬಗೆಯೂ ಮೊದಲಿನಷ್ಟು ಸರಾಗವಾಗಲಿಲ್ಲ. ಬಿಯಾಸ್ ನದಿಗೆ ಅಡ್ಡಲಾಗಿ ಹಿಮಾಚಲದ ಕಾಂಗಡಾ ಕಣಿವೆಯಲ್ಲಿ ಕಟ್ಟಿದ ಪೋಂಗ್ ಅಣೆಕಟ್ಟೆಯಲ್ಲಿ ಮನೆ, ಹೊಲ ಮುಳುಗಿಸಿಕೊಂಡ ಸಾವಿರಾರು ಕುಟುಂಬಗಳಿಗೆ ಈ ಮರುಭೂಮಿಯಲ್ಲಿ ಮುರಬ್ಬಾ ಕೊಡುವುದಾಗಿ ಮಾತಾಗಿತ್ತು. ಅವರು ಕಳೆದುಕೊಂಡ ನೀರೇ ಈ ಕಾಲುವೆಯಲ್ಲಿ ಹರಿಯುತ್ತದೆ. ಹಿಮದ ಬೆಟ್ಟದ ಬುಡದಲ್ಲಿ ಭತ್ತ, ಮೆಕ್ಕೆಜೋಳ ಬೆಳೆದವರು ಐವತ್ತು ಡಿಗ್ರಿಯ ಹತ್ತಿರಕ್ಕೆ ಏರುವ ಬಿಸಿಲಿಗೆ, ಆಂಧಿಗೆ, ಗೊತ್ತಿಲ್ಲದ ಭಾಷೆಗೆ ಬಂದು ನಿಲ್ಲಬೇಕಿತ್ತು. ಅನೇಕರು ನಿಲ್ಲಲಾಗದೆ ಮರಳಿದರು, ಅನೇಕರ ಹಂಚಿಕೆ ರದ್ದಾಯಿತು, ಎಷ್ಟೋ ಜಮೀನು ಬೇರೆಯವರ ಕೈಸೇರಿತು. ಅಣೆಕಟ್ಟೆ ತುಂಬಿ ಅರ್ಧ ಶತಮಾನ ಕಳೆದರೂ ಅವರ ಮೊಮ್ಮಕ್ಕಳು ಇನ್ನೂ ಜಮೀನಿಗಾಗಿ ಓಡಾಡುತ್ತಿದ್ದಾರೆ. ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರಿಗೆ ಈ ಸಾಲು ಓದುವಾಗ ಏನನ್ನಿಸುತ್ತದೆಂದು ಊಹಿಸಬಲ್ಲೆ. ಇನ್ನೊಂದೆಡೆ, ಸೇವಣ ಹುಲ್ಲು ಬೆಳೆಯುತ್ತಿದ್ದ ಬಯಲುಗಳು ಚೌಕ ಚೌಕವಾಗಿ ಹಂಚಿಹೋದಾಗ ರಾಠಿ, ಥಾರ್‌ಪಾರ್ಕರ್ ಹಸುಗಳನ್ನೂ ಕುರಿಗಳನ್ನೂ ಮೇಯಿಸುತ್ತಿದ್ದ ಸ್ಥಳೀಯರಿಗೆ ತಲೆಮಾರುಗಳಿಂದ ಇದ್ದ ಗೋಮಾಳದಂಥ ನೆಲೆ ತಪ್ಪಿತು. ಸೇವಣ ಹುಲ್ಲು ಮಳೆ ತೀರಾ ಕಡಿಮೆಯಾದ ವರ್ಷವೂ ಬೇರು ಹಿಡಿದು ಬದುಕುವಂಥದ್ದು. ಬರಗಾಲದಲ್ಲಿ ದನ ಉಳಿಸುತ್ತಿದ್ದುದು ಅದೇ.

2004ರಲ್ಲಿ ಗಂಗಾನಗರ ಜಿಲ್ಲೆಯ ಘಡಸಾನಾ ಮತ್ತು ರಾವಲಾ ಕಡೆ ನೀರಿಗಾಗಿ ನಡೆದ ದೊಡ್ಡ ಚಳವಳಿಯಲ್ಲಿ ಪೊಲೀಸ್ ಗೋಲಿಬಾರಿಗೆ ರೈತರು ಬಲಿಯಾದರು. ಅವರು ಕೇಳಿದ್ದು ಹೊಸದನ್ನಲ್ಲ. ಕಾಲುವೆ ಬಂದಾಗ ತಮಗೆ ಗೊತ್ತುಮಾಡಿದ್ದ ಪ್ರಮಾಣದ ನೀರು ಕೊಡಿ ಎಂದು ಕೇಳಿದರು. ಕಾಲುವೆ ಕೆಳಕ್ಕೆ ಕೆಳಕ್ಕೆ ಉದ್ದವಾಗುತ್ತ ಹೋದಂತೆ, ಅಚ್ಚುಕಟ್ಟು ಹಿಗ್ಗಿದಂತೆ, ಅದೇ ನೀರನ್ನು ಹೆಚ್ಚು ಹೆಚ್ಚು ಜನರಿಗೆ ಹಂಚಬೇಕಾಗಿ ಬಂದು ಹಳಬರ ಪಾಲು ಕುಗ್ಗಿತ್ತು. ಹಳಬರ ಪಟ್ಟಿಯೂ ನಿಜ, ಹೊಸಬರ ಬಾಯಾರಿಕೆಯೂ ನಿಜ. ಮೊದಲ ಒಪ್ಪಂದದಂತೆ ಎಲ್ಲರನ್ನೂ ಕೂರಿಸಿಕೊಂಡು ವರ್ಷಗಟ್ಟಲೆ ಮಾತಾಡುವ ತಾಳ್ಮೆ ಆ ಹೊತ್ತಿಗೆ ಯಾರಿಗೂ ಉಳಿದಿರಲಿಲ್ಲ.

ಇಷ್ಟಾದರೂ ಆ ಜನ ಕೈಕಟ್ಟಿ ಕುಳಿತಿಲ್ಲ ಎಂಬುದನ್ನು ಹೇಳದೆ ಹೋದರೆ ನನ್ನ ಪತ್ರವೂ ಅರ್ಧ ಕಥೆಯೇ ಆಗುತ್ತದೆ. ಜವಳು ನೆಲದ ಅಂಚಿನಲ್ಲಿ ನೀಲಗಿರಿ ನೆಟ್ಟು ಬೇರಿನ ಮೂಲಕ ನೀರು ಹೀರಿಸುವ ಕೆಲಸ ಅಲ್ಲಿ ನಡೆದಿದೆ. ನೀಲಗಿರಿ ನೀರು ಕುಡಿಯುತ್ತದೆಂದು ನಾವು ಇಲ್ಲಿ ದೂರುವ ಗುಣವನ್ನೇ ಅವರು ಅಲ್ಲಿ ದುಡಿಸಿಕೊಂಡಿದ್ದಾರೆ. ವಾರಕ್ಕೊಮ್ಮೆ ಬರುವ ತಮ್ಮ ಸರದಿಯ ನೀರನ್ನು ಹೊಲದಲ್ಲೇ ತೋಡಿದ ‘ಡಿಗ್ಗಿ’ ಎಂಬ ಹೊಂಡದಲ್ಲಿ ತುಂಬಿಸಿಕೊಂಡು, ಬೆಳೆಗೆ ಬೇಕಾದ ದಿನ ತುಂತುರು ನೀರಾವರಿಯಿಂದಲೋ ಹನಿ ನೀರಾವರಿಯಿಂದಲೋ ಕೊಡುವ ರೈತರು ನೂರಾರು ಕಡೆ ಸಿಕ್ಕರು. ನಮ್ಮ ಕೃಷಿ ಹೊಂಡ ಮಳೆಯ ನೀರಿಗಾದರೆ ಅವರ ಡಿಗ್ಗಿ ಸರದಿಯ ನೀರಿಗೆ. ನಡುರಾತ್ರಿಯ ಸರದಿಯ ಕಷ್ಟವೂ ಇದರಿಂದ ತಗ್ಗಿದೆ. ಗೋಧಿ, ಸಾಸಿವೆ, ಕಡಲೆ, ಹತ್ತಿಯ ಜೊತೆಗೆ ಕಿನ್ನೋ ಜಾತಿಯ ಕಿತ್ತಳೆಯ ತೋಟಗಳು ಎದ್ದಿವೆ. ನಮ್ಮನ್ನು ಬೀಳ್ಕೊಡುವಾಗ ಆ ಯಜಮಾನರು ನಮ್ಮ ಚೀಲಗಳಿಗೆ ತುಂಬಿದ ಕಿನ್ನೋ ಹಣ್ಣುಗಳ ವಾಸನೆ ರೈಲಿನ ಡಬ್ಬಿಯಲ್ಲಿ ಗುಂತಕಲ್ಲಿನವರೆಗೂ ಇತ್ತು.

ತಮ್ಮ ಲೇಖನದ ಕೊನೆಯಲ್ಲಿ, ನಮ್ಮ ಕಲ್ಯಾಣ ಕರ್ನಾಟಕವೂ ಗಂಗಾನಗರದಂತಾಗಲು ಇನ್ನಷ್ಟು ನೀರು ತರಬೇಕು ಎಂಬ ಆಶಯ ವ್ಯಕ್ತವಾಗಿದೆ. ಗಂಗಾನಗರದಲ್ಲಿ ವರ್ಷಕ್ಕೆ ಬೀಳುವ ಮಳೆ 200ರಿಂದ 300 ಮಿಲಿಮೀಟರ್. ರಾಯಚೂರು ಜಿಲ್ಲೆಯಲ್ಲಿ ಅದರ ಎರಡರಷ್ಟಾದರೂ ಬೀಳುತ್ತದೆ. ಕಾಲುವೆಯೂ ನಮಗೆ ಬಂದು ಎಪ್ಪತ್ತು ವರ್ಷವಾಯಿತು. ಇನ್ನಷ್ಟು ನೀರು ಬೇಡವೆಂದು ಕೊನೆ ಭಾಗದ ರೈತನಾದ ನಾನು ಹೇಗೆ ಹೇಳಲಿ? ಆದರೆ ಹೂಳು ತುಂಬಿ ತುಂಗಭದ್ರಾ ಜಲಾಶಯದ ಸಾಮರ್ಥ್ಯ ಮೊದಲಿನ 133 ಟಿಎಂಸಿ ಅಡಿಯಿಂದ ಸುಮಾರು 105ಕ್ಕೆ ಇಳಿದಿರುವಾಗ, ಇರುವ ನೀರಿನಲ್ಲಿ ಯಾರಿಗೆ ಎಷ್ಟು ನಿಮಿಷ ಎಂಬುದನ್ನು ಬರೆದಿಟ್ಟುಕೊಳ್ಳದೆ ಹೊಸ ನೀರನ್ನು ತಂದರೆ ಅದೂ ಮೇಲ್ಭಾಗದಲ್ಲಿ ಜವಳಾಗಿಯೇ ನಿಲ್ಲುತ್ತದೆ.

ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ ಇದೆ. ಮುಂಗಾರು ಆರಂಭವಾದ ದಿನದಿಂದ ತಾವು ಪ್ರತಿದಿನ ಜಲಾಶಯಗಳ ನೀರಿನ ಮಟ್ಟ, ಒಳಹರಿವು, ಹೊರಹರಿವುಗಳ ಪಟ್ಟಿಯನ್ನು ಮುದ್ರಿಸುತ್ತೀರಿ. ನಮ್ಮ ಮನೆಯಲ್ಲಿ ಬೆಳಿಗ್ಗೆ ಮೊದಲು ನೋಡುವುದೇ ಆ ಪಟ್ಟಿಯನ್ನು. ಈ ವರ್ಷ ಕಾಲುವೆಗೆ ನೀರು ಬಿಟ್ಟ ದಿನದಿಂದ ಅದರ ಪಕ್ಕದಲ್ಲಿ ಇನ್ನೊಂದು ಸಾಲನ್ನು ಸೇರಿಸಿ: ಎಡದಂಡೆ ಕಾಲುವೆಯ ಕೊನೆಯ ಗೇಜಿನಲ್ಲಿ ಇಂದು ನೀರು ಎಷ್ಟು ಅಡಿ ಇದೆ ಎಂಬುದು. ಅಲ್ಲಿಗೆ ದಿನವೂ ಹೋಗಿ ಅಳತೆ ನೋಡಿ ತಮ್ಮ ವರದಿಗಾರರಿಗೆ ದೂರವಾಣಿಯಲ್ಲಿ ತಿಳಿಸಲು ನಮ್ಮ ಕಡೆಯ ರೈತರು ಸಿದ್ಧರಿದ್ದೇವೆ. ನೀರು ಶೂನ್ಯವಿದ್ದ ದಿನ ಶೂನ್ಯವೆಂದೇ ಮುದ್ರಿಸಿ.

ಇಂತಿ ತಮ್ಮ ವಿಶ್ವಾಸಿ,
ತುಂಗಭದ್ರಾ ಎಡದಂಡೆ ಕಾಲುವೆ ಕೊನೆ ಭಾಗದ ಒಬ್ಬ ರೈತ,
ರಾಯಚೂರು ಜಿಲ್ಲೆ